ಬಸಳೆ ಎಲೆಯ ಚುಕ್ಕೆ

(ಪಿಂಪ್ರಿ-ಚಿಂಚವಡದಲ್ಲಿ ನೆಲೆಸಿರುವ ನಾವು ಕೆಲವು ಕನ್ನಡಿಗರು ತಿಂಗಳಿಗೊಮ್ಮೆ ಒಂದೆಡೆ ಸೇರುತ್ತೇವೆ. ಶ್ರಾವಣದ ಒಂದು ಭಾನುವಾರ ಸಂಜೆ ಅಲ್ಲಿ ನಾನು ಆಡಿದ ಮಾತಿನ ಬರಹ ರೂಪ ಇದು. ಬಾಯಿಗೆ ಬಾರದೆ ಹೋದ ಒಂದೆರಡು ಇಸವಿಗಳನ್ನು ಸೇರಿಸಿದ್ದೇನೆ. ಯಾರೂ ನಗದ ಒಂದು ಜೋಕನ್ನು ಕೈಬಿಟ್ಟಿದ್ದೇನೆ.)

ಈ ಎಲೆ ನೋಡಿ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಕುಂದಾಪುರದ ಅಕ್ಕ ಒಬ್ಬರು ಚೀಲದಿಂದ ತೆಗೆದು ನನ್ನ ಕೈಗಿಟ್ಟರು. ಅವರ ಆರನೇ ಮಹಡಿಯ ಬಾಲ್ಕನಿಯ ಬಸಳೆ. "ಇದಕ್ಕೆ ಎಂತ ಮದ್ದು ಹೊಡೀಬೇಕು, ಅದೊಂದು ಹೇಳಿ ಸಾಕು" ಎಂದರು. ಒಂದು ಗಂಟೆಯ ಭಾಷಣ ಸಿದ್ಧಮಾಡಿಕೊಂಡು ಬಂದವನಿಗೆ ಬಾಗಿಲಲ್ಲೇ ಸಿಕ್ಕ ಮಂಗಳಾರತಿ. ಮದ್ದಿನ ವಿಷಯ ಕಡೆಗೆ ಹೇಳುತ್ತೇನೆ ಅಕ್ಕ, ಅಲ್ಲಿಯವರೆಗೆ ಎದ್ದು ಹೋಗಬೇಡಿ.

ಚುಕ್ಕೆಯ ನಡುಭಾಗ ಒಣಗಿ ಕಾಗದದಷ್ಟು ತೆಳ್ಳಗಾಗಿದೆ. ಎರಡು ಕಡೆ ಉದುರಿ ತೂತೇ ಬಿದ್ದಿದೆ. ಅದರ ಸುತ್ತ ಕೆನ್ನೇರಳೆ ಬಣ್ಣದ ಬಳೆ. ಬಳೆಯಿಂದ ಆಚೆಗೆ ಎಂದಿನ ಹಸಿರು, ಏನೂ ಆಗಿಲ್ಲವೇನೋ ಎಂಬ ಹಾಗೆ. ನಡುವಿನ ಒಣಗು ಶಿಲೀಂಧ್ರದ ಕೆಲಸ ಎಂದು ಎಲ್ಲರೂ ಹೇಳುತ್ತೀರಿ, ಸರಿ. ಆ ಬಳೆ ಯಾರದು? ಅದು ಗಿಡದ್ದು. ಶಿಲೀಂಧ್ರ ಎಲ್ಲಿಗೆ ಬಂದು ಮುಟ್ಟಿತ್ತೋ ಅಲ್ಲಿ ಗಿಡ ಎಳೆದ ಗೆರೆ. ಚುಕ್ಕೆ ಕಂಡ ಕೂಡಲೇ ನಾವು ರೋಗ ಎನ್ನುತ್ತೇವೆ. ಆದರೆ ನಮ್ಮ ಕಣ್ಣಿಗೆ ಬೀಳುವುದರಲ್ಲಿ ರೋಗ ಎಷ್ಟು, ಗಿಡ ರೋಗಕ್ಕೆ ಕೊಟ್ಟ ಉತ್ತರ ಎಷ್ಟು ಎನ್ನುವುದು ಬೇರೆ ಲೆಕ್ಕ. ಇವತ್ತಿನ ಮಾತೆಲ್ಲ ಆ ಲೆಕ್ಕದ್ದೇ.

ನಮಗೆ ಕಾಲಿಗೆ ಮುಳ್ಳು ಚುಚ್ಚಿದರೆ ಬಿಳಿ ರಕ್ತಕಣಗಳು ನೆತ್ತರಿನಲ್ಲಿ ತೇಲಿಕೊಂಡು ಅಲ್ಲಿಗೆ ಓಡುತ್ತವೆ. ಗಿಡಕ್ಕೆ ನೆತ್ತರಿಲ್ಲ, ಓಡಾಡುವ ಕಣಗಳೂ ಇಲ್ಲ. ಅದರ ಒಂದೊಂದು ಜೀವಕೋಶವೂ ನಾಲ್ಕು ಗೋಡೆ ಕಟ್ಟಿಕೊಂಡು ಹುಟ್ಟಿದ ಜಾಗದಲ್ಲೇ ಕೂತಿರುತ್ತದೆ. ಹಾಗಾಗಿ ಊರಿಗೊಂದು ಪೊಲೀಸ್ ಠಾಣೆ ಎಂಬ ಏರ್ಪಾಡು ಅಲ್ಲಿ ನಡೆಯುವುದಿಲ್ಲ, ಮನೆಮನೆಯಲ್ಲೂ ದೊಣ್ಣೆ ಇರಬೇಕು. ಎಲೆ, ಬೇರು, ಕಾಯಿ, ಯಾವ ಭಾಗದ ಯಾವ ಕೋಶವನ್ನು ತೆಗೆದುಕೊಂಡರೂ ಕಳ್ಳನನ್ನು ಗುರುತಿಸುವ ವಿದ್ಯೆ, ಹೊಡೆಯುವ ವಿದ್ಯೆ ಎರಡೂ ಅದರೊಳಗೇ ಇರುತ್ತವೆ. ಮತ್ತೆ ಈ ಏರ್ಪಾಡು ಬಹುಪಾಲು ಗೆಲ್ಲುತ್ತದೆ. ಗಾಳಿಯಲ್ಲಿ, ಮಣ್ಣಿನಲ್ಲಿ ಇಷ್ಟೊಂದು ಬೂಷ್ಟು, ಬ್ಯಾಕ್ಟೀರಿಯಾ ಇದ್ದೂ ಕಿಟಕಿಯಾಚೆಯ ಮಾವಿನ ಮರ ಹಸಿರಾಗಿ ನಿಂತಿದೆ. ಅಡಿಕೆಯ ರೋಗ ಗೋಧಿಗೆ ಬರುವುದಿಲ್ಲ, ಗೋಧಿಯದು ಮಾವಿಗೆ ಬರುವುದಿಲ್ಲ.

ಮೊದಲ ತಡೆ ಗೋಡೆಯೇ. ಎಲೆಯ ಮೇಣ, ಅದರ ಕೆಳಗಿನ ಗಟ್ಟಿ ಪದರ, ಅದರೊಳಗೆ ತುಂಬಿಟ್ಟ ವಿಷ. ಬೆಳ್ಳುಳ್ಳಿ ಇಡಿಯಾಗಿದ್ದಾಗ ಅಷ್ಟು ನಾರುವುದಿಲ್ಲ, ಜಜ್ಜಿದಾಗ ನಾರುತ್ತದೆ. ಬೇರೆ ಬೇರೆ ಇಟ್ಟಿದ್ದ ಎರಡು ವಸ್ತು ಕೂಡಿದಾಗಲೇ ಘಾಟು ಹುಟ್ಟುವುದು. ಸಾಸಿವೆಯದೂ ಅದೇ ಕಥೆ. ಇವೆಲ್ಲ ನಮ್ಮ ಒಗ್ಗರಣೆಗೆಂದು ಹುಟ್ಟಿದವಲ್ಲ.

ಈರುಳ್ಳಿಯದು ಇನ್ನೂ ಚೆಂದ. ಮಾರುಕಟ್ಟೆಯಲ್ಲಿ ಕೆಂಪು ಈರುಳ್ಳಿ, ಅಲಿಬಾಗಿನ ಬಿಳಿ ಈರುಳ್ಳಿ ಎರಡನ್ನೂ ನೋಡುತ್ತೀರಿ. ಈರುಳ್ಳಿಯ ಸಿಪ್ಪೆಯ ಮೇಲೆ ಮಸಿ ಬಳಿದ ಹಾಗೆ ಕಪ್ಪು ಉಂಗುರ ಹಬ್ಬಿಸುವ ಒಂದು ಶಿಲೀಂಧ್ರ ಇದೆ. ಬಿಳಿ ಈರುಳ್ಳಿಯನ್ನು ಹಿಡಿಯುತ್ತದೆ, ಬಣ್ಣದ ಈರುಳ್ಳಿಯ ತಂಟೆಗೆ ಹೋಗುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೆ. ಸಿ. ವಾಕರ್ ಎಂಬುವವರು 1920ರ ದಶಕದಲ್ಲಿ ಇದರ ಬೆನ್ನು ಹತ್ತಿದರು. ಬಣ್ಣದ ಈರುಳ್ಳಿಯ ಒಣ ಸಿಪ್ಪೆಯಲ್ಲಿ ಕ್ಯಾಟೆಕಾಲ್, ಪ್ರೋಟೋಕ್ಯಾಟೆಚುಯಿಕ್ ಆಮ್ಲ ಎಂಬ ಎರಡು ವಸ್ತುಗಳಿವೆ. ಇಬ್ಬನಿ ಬಿದ್ದು ಸಿಪ್ಪೆ ಒದ್ದೆಯಾದರೆ ಅವು ನೀರಿಗೆ ಇಳಿಯುತ್ತವೆ, ಆ ನೀರಿನಲ್ಲಿ ಶಿಲೀಂಧ್ರದ ಬೀಜಕಣ ಮೊಳೆಯುವುದಿಲ್ಲ. ಸಿಪ್ಪೆ ಸುಲಿದುಬಿಟ್ಟರೆ ಒಳಗಿನ ತಿರುಳಿಗೆ ಆ ರಕ್ಷಣೆ ಇಲ್ಲ. ನಾವು ಕಸದ ಬುಟ್ಟಿಗೆ ಹಾಕುವ ಸತ್ತ ಸಿಪ್ಪೆ ಈರುಳ್ಳಿಯ ಪಾಲಿಗೆ ಕಾವಲುಗಾರ.

ಗೋಡೆ ಎಷ್ಟೇ ಗಟ್ಟಿಯಿದ್ದರೂ ಕನ್ನ ಹಾಕುವವರು ಇದ್ದೇ ಇರುತ್ತಾರೆ. ಭತ್ತದ ಬೆಂಕಿ ರೋಗ ಗದ್ದೆ ಕಂಡವರಿಗೆಲ್ಲ ಗೊತ್ತು. ಅದರ ಶಿಲೀಂಧ್ರ ಭತ್ತದ ಎಲೆಯ ಮೇಲೆ ಕೂತು ಒಂದು ಪುಟ್ಟ ಗುಮ್ಮಟ ಕಟ್ಟುತ್ತದೆ, ಒಳಗೆ ನೀರೆಳೆದುಕೊಂಡು ಉಬ್ಬುತ್ತದೆ. ಗುಮ್ಮಟದೊಳಗಿನ ಒತ್ತಡ 80 ವಾಯುಭಾರದವರೆಗೆ ಏರುತ್ತದೆ ಎಂದು 1991ರಲ್ಲಿ ಅಳೆದರು. ನಿಮ್ಮ ಕಾರಿನ ಚಕ್ರಕ್ಕೆ ಪೆಟ್ರೋಲ್ ಪಂಪಿನಲ್ಲಿ ತುಂಬಿಸುವ ಗಾಳಿ ಎರಡು ವಾಯುಭಾರದ ಆಸುಪಾಸು. ಅದರ ನಲವತ್ತು ಪಟ್ಟು ಒತ್ತಡವನ್ನು ಕಣ್ಣಿಗೆ ಕಾಣದ ಒಂದು ಕಣ ಹುಟ್ಟಿಸಿ, ಸೂಜಿಯಂಥ ಮೊಳಕೆಯನ್ನು ಎಲೆಯೊಳಕ್ಕೆ ತೂರಿಸುತ್ತದೆ.

ಬ್ಯಾಕ್ಟೀರಿಯಾಗಳಿಗೆ ಇಂಥ ತೋಳ್ಬಲವಿಲ್ಲ. ಅವು ಗಾಯದಿಂದಲೋ, ಎಲೆ ಉಸಿರಾಡುವ ಪತ್ರರಂಧ್ರದಿಂದಲೋ ನುಸುಳಬೇಕು. ಆ ರಂಧ್ರ ಸದಾ ತೆರೆದಿಟ್ಟ ಬಾಗಿಲು ಎಂದೇ ನಾನು ಓದುವ ಕಾಲದಲ್ಲಿ ಕಲಿತದ್ದು, ಮಕ್ಕಳಿಗೆ ಪಾಠ ಹೇಳಿದ್ದೂ ಅದನ್ನೇ. 2006ರಲ್ಲಿ ಅದು ತಪ್ಪು ಎಂದಾಯಿತು. ಬ್ಯಾಕ್ಟೀರಿಯಾದ ವಾಸನೆ ಹತ್ತಿದರೆ ಎಲೆ ರಂಧ್ರವನ್ನು ಮುಚ್ಚಿಕೊಳ್ಳುತ್ತದೆ. ಸ್ಯೂಡೋಮೊನಾಸ್ ಜಾತಿಯ ಒಂದು ಬ್ಯಾಕ್ಟೀರಿಯಾ ಅದಕ್ಕೂ ಪ್ರತಿತಂತ್ರ ಹೂಡಿದೆ: ಗಿಡದ್ದೇ ಒಂದು ಹಾರ್ಮೋನಿನ ವೇಷ ಹಾಕಿದ ವಿಷ ಉಗುಳಿ, ಮುಚ್ಚಿದ ಬಾಗಿಲನ್ನು ಮತ್ತೆ ತೆರೆಸುತ್ತದೆ.

ವಾಸನೆ ಎಂದೆನಲ್ಲ, ಗಿಡಕ್ಕೆ ಮೂಗೆಲ್ಲಿ? ಕೋಶದ ಹೊರಪೊರೆಯಲ್ಲಿ ಗ್ರಾಹಕಗಳಿವೆ. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದ ಪ್ರೋಟೀನಿನ 22 ಅಮೈನೋ ಆಮ್ಲಗಳ ಒಂದು ತುಣುಕು ಸಾಕು, ನಿಮಿಷಗಳಲ್ಲಿ ಎಲೆ ಎಚ್ಚರಗೊಳ್ಳುತ್ತದೆ. ಶಿಲೀಂಧ್ರದ ಗೋಡೆಯ ಕೈಟಿನ್ ಚೂರಾದರೂ ಆದೀತು. ಆ ಕೂಡಲೇ ಕೋಶ ಹೈಡ್ರೋಜನ್ ಪೆರಾಕ್ಸೈಡ್ ಉಗುಳುತ್ತದೆ, ಗಾಯ ತೊಳೆಯಲು ನಾವು ಬಳಸುವ ಅದೇ ವಸ್ತು. ಕನ್ನ ಬೀಳುತ್ತಿರುವ ಕಡೆ ಗೋಡೆಗೆ ಒಳಗಿನಿಂದ ತೇಪೆ ಹಾಕುತ್ತದೆ.

ಇಲ್ಲಿ ಸ್ವಲ್ಪ ನಮ್ಮೂರಿನ ಮಾತು ಬರಲಿ. ನಾನು ಶಿರಸಿ ಕಡೆಯವನು. ಅಡಿಕೆಯ ಕೊಳೆರೋಗ ನಮಗೆ ಪಾಠದಲ್ಲಿ ಕಲಿತ ವಿಷಯವಲ್ಲ, ಮನೆಯ ಸಾಲದ ವಿಷಯ. ಅಂದಹಾಗೆ, ಇಂಗ್ಲಿಷಿನ ಸಸ್ಯರೋಗ ಪುಸ್ತಕಗಳಲ್ಲೂ ಅದರ ಹೆಸರು ಕೊಳೆರೋಗವೇ. ಏಲಕ್ಕಿಯ ಕಟ್ಟೆ ರೋಗವೂ ಹಾಗೆ ಕನ್ನಡದ ಹೆಸರಿನಲ್ಲೇ ಓಡಾಡುತ್ತದೆ. ಜಗತ್ತಿಗೆ ನಾವು ಕೊಟ್ಟ ಪದಗಳು ಯಾವುವು ಎಂದು ಯಾರಾದರೂ ಕೇಳಿದರೆ ಹೆಮ್ಮೆ ಪಡಬೇಕೋ ಬೇಡವೋ ನೀವೇ ಹೇಳಿ. ಕೊಳೆರೋಗದ ಬೆನ್ನು ಹತ್ತಿದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು, ಮುಂದೆ ಅಲ್ಲಿನ ಕೃಷಿ ಇಲಾಖೆಯ ನಿರ್ದೇಶಕರಾದವರು. 1910ರಲ್ಲಿ ಕೊಳೆರೋಗದ ಮೇಲೆ ಬರೆದರು. ಮಲೆನಾಡಿನ ತೋಟಗಳಿಗೆ ಬೋರ್ಡೋ ದ್ರಾವಣ ಹೊಕ್ಕಿದ್ದು ಅವರಿಂದ.

ಅದಕ್ಕೂ ಮುಂಚೆ ಕೊಟ್ಟೆ ಕಟ್ಟುತ್ತಿದ್ದರು. ಮಳೆ ಹಿಡಿಯುವ ಮೊದಲು ಅಡಿಕೆಯ ಒಂದೊಂದು ಕೊನೆಗೂ, ಅಂದರೆ ಗೊನೆಗೂ, ಕರಡದ ಹುಲ್ಲಿನ ಟೊಪ್ಪಿ. ನಾನು ಹುಡುಗನಾಗಿದ್ದಾಗ ಅದು ಅಲ್ಲೊಂದು ಇಲ್ಲೊಂದು ಉಳಿದಿತ್ತು, ಉಳಿದೆಡೆ ಬೋರ್ಡೋ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಕೂಡಿಸಿದ ಮೇಲೆ ಅಪ್ಪಯ್ಯ ನನ್ನನ್ನು ಕರೆದು, ಸಾಣೆ ಹಿಡಿದ ಕತ್ತಿಯನ್ನು ಅದ್ದಿ ತೆಗೆ ಎನ್ನುತ್ತಿದ್ದರು. ಕತ್ತಿಯ ಬಾಯಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ, ಹಾಗೇ ಹೊಡೆದರೆ ಕೊನೆಯೇ ಸುಟ್ಟುಹೋದೀತು. ಕೆಂಪು ಹಿಡಿಯದಿದ್ದರೆ ಅಡಿಕೆ ಮರ ಹತ್ತುವ ಆಳು ಕೊನೆಗೌಡ ಮರ ಹತ್ತುತ್ತಿದ್ದ. ಈ ಮದ್ದು ರೋಗ ಬಂದ ಮೇಲೆ ಕೆಲಸಕ್ಕೆ ಬಾರದು. ಕಾಯಿಯ ಮೈಮೇಲೆ ತಾಮ್ರದ ಲೇಪ ಮೊದಲೇ ಇರಬೇಕು, ಬಂದು ಕೂತ ಕಣ ಅಲ್ಲೇ ಸಾಯಬೇಕು. ಒಳಗೆ ಹೋಯಿತೋ, ಮುಗಿಯಿತು. ಅಂದರೆ ಈರುಳ್ಳಿಯ ಸಿಪ್ಪೆ ತಾನಾಗಿ ಮಾಡುವುದನ್ನು ನಾವು ಅಡಿಕೆಗೆ ಹೊರಗಿನಿಂದ ಬಳಿಯುತ್ತೇವೆ.

ಅಡಿಕೆ ಕಾಯಿ ಚೊಗರು. ಆ ಚೊಗರಿಗೆ ಎಷ್ಟೋ ಸೂಕ್ಷ್ಮಜೀವಿಗಳು ಹಿಂಜರಿಯುತ್ತವೆ. ಹಾಗಿದ್ದೂ ಕೊಳೆರೋಗಕ್ಕೆ ಸೋಲುತ್ತದೆ, ಯಾಕೆ? ಒಂದು ಕಾರಣ, ಕೊಳೆಯ ಜೀವಿ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಕಂದು ಪಾಚಿಗಳ ದೂರದ ನೆಂಟ. ಅದರ ಗೋಡೆಯಲ್ಲಿ ಗಿಡದ ಗೋಡೆಯ ಹಾಗೆ ಸೆಲ್ಯುಲೋಸ್ ಇದೆ, ಕೈಟಿನ್ ಇಲ್ಲವೆಂದೇ ಹೇಳಬಹುದು, ಹಾಗಾಗಿ ಕೈಟಿನ್ ಕಾಯುವ ಪಹರೆಗೆ ಅದು ಕಳ್ಳನಂತೆ ಕಾಣುವುದಿಲ್ಲ. ಎರಡು ಬಾಲದ ಮರಿಗಳನ್ನು ಹಾಕುತ್ತದೆ, ಅವು ಮಳೆನೀರಿನಲ್ಲಿ ಈಜುತ್ತವೆ. ಇನ್ನೊಂದು ಕಾರಣ ಈ ಕುಲಕ್ಕೆಲ್ಲ ಸೇರಿದ್ದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿದ್ದು ಇದರದೇ ದಾಯಾದಿ. 2009ರಲ್ಲಿ ಆ ದಾಯಾದಿಯ ಇಡೀ ಜೀನುಗಳನ್ನು ಓದಿ ನೋಡಿದಾಗ, ಗಿಡದ ಕೋಶದೊಳಕ್ಕೆ ಕಳಿಸಲೆಂದೇ ಇಟ್ಟುಕೊಂಡ ನೂರಾರು ಪ್ರೋಟೀನುಗಳು ಸಿಕ್ಕವು. ಅವುಗಳಲ್ಲಿ ಎಷ್ಟೋ ಒಳಗೆ ಹೋಗಿ ಎಚ್ಚರಿಕೆಯ ಗಂಟೆಯ ನಾಲಿಗೆ ಕಟ್ಟುತ್ತವೆ.

ಹಾಗಾಗಿ ಗಿಡಕ್ಕೆ ಒಳಮನೆಯಲ್ಲೂ ಪಹರೆ ಬೇಕಾಯಿತು. ಈ ಪಹರೆಯ ಪ್ರೋಟೀನುಗಳು ನುಸುಳಿ ಬಂದವನನ್ನು ಕಂಡರೆ ಒಂದೇ ಕೆಲಸ ಮಾಡುತ್ತವೆ: ಮನೆಗೆ ಬೆಂಕಿ ಇಡುತ್ತವೆ. ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ತುಕ್ಕುರೋಗದಂಥ ಜೀವಿಗಳಿಗೆ ಬದುಕಿರುವ ಕೋಶವೇ ಊಟ. ಮನೆಯವರು ಸತ್ತರೆ ನೆಂಟನೂ ಉಪವಾಸ. ಗೋಧಿಯ ಕಾಂಡದ ತುಕ್ಕುರೋಗದಲ್ಲಿ ಇದನ್ನು ಕಂಡು 1915ರಲ್ಲಿ ಅತಿಸಂವೇದನೆ ಎಂಬ ಹೆಸರು ಕೊಟ್ಟವರು ಅಮೆರಿಕದ ವಿಜ್ಞಾನಿ ಸ್ಟ್ಯಾಕ್‌ಮನ್. ಯಾವ ಗೋಧಿಯ ಎಲೆ ಮುಟ್ಟಿದ ಕೂಡಲೇ ಸಣ್ಣ ಸಣ್ಣ ಚುಕ್ಕೆಯಾಗಿ ಸಾಯುತ್ತದೋ ಆ ಗೋಧಿ ಬದುಕುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಹಿರಿಯರು ತುಕ್ಕುರೋಗವನ್ನು ಭಂಡಾರ ರೋಗ ಎನ್ನುತ್ತೀರಿ, ಗೋಧಿಯ ಹೊಲದಲ್ಲಿ ನಡೆದರೆ ಧೋತರಕ್ಕೆಲ್ಲ ಭಂಡಾರದ ಅರಿಸಿನ ಹಚ್ಚಿದ ಹಾಗೆ ಪುಡಿ. ಅಂಥ ಪುಡಿ ಏಳುವ ಹೊಲ ಸೋತ ಹೊಲ. ಬರೇ ಚುಕ್ಕೆ ಬಿದ್ದು ಪುಡಿ ಏಳದಿದ್ದರೆ ಅದು ಗೆದ್ದ ಹೊಲ. ನೋಡುವುದಕ್ಕೆ ಎರಡೂ ರೋಗದ ಹೊಲಗಳೇ. ಈ ತುಕ್ಕುರೋಗದ್ದೇ ಒಂದು ಸಂಶೋಧನಾ ಕೇಂದ್ರ ಇಲ್ಲೇ ನಮ್ಮ ಮಹಾಬಳೇಶ್ವರದಲ್ಲಿದೆ. ಸ್ಟ್ರಾಬೆರಿ ತಿಂದು ಫೋಟೋ ತೆಗೆಸಿಕೊಂಡು ಬರುವ ನಮಗೆ ಅದು ಕಾಣುವುದಿಲ್ಲ.

ಈ ಬೆಂಕಿ ಇಡುವ ಯಂತ್ರದ ಆಕಾರ 2019ರಲ್ಲಿ ಗೊತ್ತಾಯಿತು. ಚೀನಾದ ವಿಜ್ಞಾನಿಗಳು ತೋರಿಸಿದ್ದು: ಐದು ಪಹರೆ ಪ್ರೋಟೀನುಗಳು ಸೇರಿ ಚಕ್ರ ಕಟ್ಟುತ್ತವೆ. ಚಕ್ರ ಕೋಶದ ಪೊರೆಯಲ್ಲಿ ನಾಟಿಕೊಂಡು ತೂತು ಮಾಡುತ್ತದೆ, ಅದರಿಂದ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಕೋಶ ಸಾಯುತ್ತದೆ.

ಆದರೆ ಎಲ್ಲ ಕಳ್ಳರಿಗೂ ಬದುಕಿದ ಮನೆಯೇ ಬೇಕೆಂದಿಲ್ಲ. ಹೆಣ ತಿನ್ನುವ ಶಿಲೀಂಧ್ರಗಳೂ ಇವೆ. 1940ರ ದಶಕದಲ್ಲಿ ಅಮೆರಿಕದ ರೈತರು ವಿಕ್ಟೋರಿಯಾ ಎಂಬ ಓಟ್ಸ್ ತಳಿಯಿಂದ ತುಕ್ಕುರೋಗ ನಿರೋಧಕ ಗುಣ ಪಡೆದ ಹೊಸ ತಳಿಗಳನ್ನು ಎಲ್ಲೆಲ್ಲೂ ಬಿತ್ತಿದರು. ಕೆಲವೇ ವರ್ಷಗಳಲ್ಲಿ ಅದೇ ಓಟ್ಸ್ ಹೊಲಗಳು ಬೇರೊಂದು ಶಿಲೀಂಧ್ರಕ್ಕೆ ಬಲಿಯಾಗಿ ನೆಲಕಚ್ಚಿದವು. ಈ ಹೊಸಬ ಒಂದು ವಿಷ ಉಗುಳುತ್ತಿದ್ದ, ಅದು ನಿರೋಧಕ ಗುಣವಿದ್ದ ಓಟ್ಸನ್ನು ಮಾತ್ರ ಕೊಲ್ಲುತ್ತಿತ್ತು. ಬೆಂಕಿ ಇಡುವ ಪಹರೆಯವನನ್ನೇ ಎಬ್ಬಿಸಿ, ಸುಟ್ಟ ಮನೆಯಲ್ಲಿ ಊಟಕ್ಕೆ ಕೂರುವ ಉಪಾಯ. ನನಗಂತೂ ಸಸ್ಯರೋಗದ ಚರಿತ್ರೆಯಲ್ಲಿ ಇದಕ್ಕಿಂತ ದುಷ್ಟ ಬುದ್ಧಿ ಕಂಡಿಲ್ಲ.

ಪಹರೆಯವನಿಗೆ ತಿಳಿದಿರುವುದು ಕಳ್ಳನ ಒಂದು ಗುರುತು ಮಾತ್ರ. ಅಮೆರಿಕದ ವಿಜ್ಞಾನಿ ಫ್ಲೋರ್ ಇದನ್ನು 1940ರ ದಶಕದಲ್ಲಿ ಅಗಸೆಯ ತುಕ್ಕುರೋಗದಲ್ಲಿ ಲೆಕ್ಕ ಹಾಕಿ ತೋರಿಸಿದರು. ಹೌದು, ನಮ್ಮ ಅಗಸಿ ಹಿಂಡಿಯ ಅಗಸೆಯೇ. ಗಿಡದಲ್ಲಿ ಒಂದು ನಿರೋಧಕ ಜೀನು ಇದ್ದರೆ ರೋಗಾಣುವಿನಲ್ಲಿ ಅದಕ್ಕೆ ಜೋಡಿಯಾದ ಒಂದು ಜೀನು. ರೋಗಾಣು ಆ ಗುರುತು ಬದಲಿಸಿಕೊಂಡರೆ ಪಹರೆ ಕುರುಡು. ಇದರ ಪೆಟ್ಟು ತಿಂದವರು ನಮ್ಮ ಕಾಫಿಯವರು. ಕಾಫಿ ಎಲೆಯ ತುಕ್ಕು 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ಅಳಿಸಿತು, ಆ ಜಾಗಕ್ಕೆ ಚಹಾ ಬಂತು. ಚಿಕ್ಕಮಗಳೂರು ಸೀಮೆಯ ಕೆಂಟ್ ಎಂಬ ತೋಟದ ದೊರೆ 1911ರಲ್ಲಿ ತನ್ನ ತೋಟದಲ್ಲಿ ತುಕ್ಕು ಹಿಡಿಯದ ಗಿಡ ಕಂಡ. ಅದರ ಸಂತತಿ ಅವನದೇ ಹೆಸರಿನಲ್ಲಿ ಹಬ್ಬಿತು. ಎರಡು ದಶಕ ಕಳೆಯುವಷ್ಟರಲ್ಲಿ ಅದಕ್ಕೂ ತುಕ್ಕು. ತುಕ್ಕಿನಲ್ಲೇ ಬೇರೆ ಬೇರೆ ಪಂಗಡಗಳಿವೆ ಎಂದು 1930ರ ದಶಕದಲ್ಲಿ ಕಂಡುಕೊಂಡದ್ದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಲ್ಸನ್ ಮೇಯ್ನ್.

ಒಂದು ಎಲೆಗೆ ಪೆಟ್ಟು ಬಿದ್ದರೆ ಉಳಿದವಕ್ಕೆ ಸುದ್ದಿ ಮುಟ್ಟುತ್ತದೆಯೇ? ಇದಕ್ಕೆ ನಿಪ್ಪಾಣಿಯವರಿಗೆ ಚೆನ್ನಾಗಿ ಗೊತ್ತಿರುವ ಗಿಡವೇ ಸಾಕ್ಷಿ. 1961ರಲ್ಲಿ ಎ. ಎಫ್. ರಾಸ್ ಎಂಬುವವರು ತಂಬಾಕಿನ ಕೆಳಗಿನ ಎಲೆಗಳಿಗೆ ಮೊಸಾಯಿಕ್ ವೈರಸ್ ತಿಕ್ಕಿದರು. ಆ ಎಲೆಗಳಲ್ಲಿ ಚುಕ್ಕೆ ಬಿತ್ತು. ಕೆಲವು ದಿನ ಬಿಟ್ಟು ಮೇಲಿನ ಎಲೆಗಳಿಗೆ ತಿಕ್ಕಿದಾಗ ಚುಕ್ಕೆ ಸಣ್ಣಗಾಗಿದ್ದವು. ವೈರಸ್ ಮುಟ್ಟದ ಎಲೆಗೂ ಸುದ್ದಿ ಹೋಗಿತ್ತು. 1979ರಲ್ಲಿ ರೇ ವೈಟ್ ಎಂಬ ಇಂಗ್ಲೆಂಡಿನವರು ತಂಬಾಕಿನ ಎಲೆಗೆ ಆಸ್ಪಿರಿನ್ ಚುಚ್ಚಿದರು. ಹೌದು, ತಲೆನೋವಿನ ಆಸ್ಪಿರಿನ್. ವೈರಸ್ಸಿನ ಚುಕ್ಕೆ ಕಡಿಮೆಯಾದವು. ಆಸ್ಪಿರಿನ್ನಿನ ಮೂಲವಸ್ತು ಸ್ಯಾಲಿಸಿಲಿಕ್ ಆಮ್ಲವನ್ನು ಗಿಡ ತಾನೇ ತಯಾರಿಸಿ ಎಚ್ಚರಿಕೆಗೆ ಬಳಸುತ್ತದೆ ಎಂಬುದು ಆಮೇಲೆ ಖಚಿತವಾಯಿತು. ಅದರ ಆವಿಯಾಗುವ ರೂಪ ಗಾಳಿಯಲ್ಲಿ ಪಕ್ಕದ ಎಲೆಗೂ ಪಕ್ಕದ ಗಿಡಕ್ಕೂ ಹೋಗಬಲ್ಲದು. ಅದರ ವಾಸನೆ ಗೊತ್ತೇ ಇದೆ ನಿಮಗೆ, ಸೊಂಟನೋವಿಗೆ ತಿಕ್ಕಿಕೊಳ್ಳುವ ಮುಲಾಮಿನ ವಾಸನೆ.

ಇದನ್ನು ಕೇಳಿ ಮನೆಗೆ ಹೋಗಿ ಕುಂಡಕ್ಕೆ ಆಸ್ಪಿರಿನ್ ಕರಗಿಸಿ ಹಾಕಬೇಡಿ. ನಾನು ಹಾಕಿದ್ದೇನೆ. ಟೊಮೇಟೊ ಗಿಡ, ನಾಲ್ಕು ಮಾತ್ರೆ, ಒಂದು ಚೊಂಬು ನೀರು. ಮೂರನೇ ದಿನ ಎಲೆಯ ಅಂಚೆಲ್ಲ ಸುಟ್ಟಿತು, ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಸದಾ ಕಾಲ ಎಚ್ಚರದ ಸ್ಥಿತಿಯಲ್ಲೇ ಇರುವ ಗಿಡಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದ್ದಾರೆ. ಕುಳ್ಳಾಗಿ, ಸೊರಗಿ ಇರುತ್ತವೆ. ರಾತ್ರಿಯೆಲ್ಲ ಕಾವಲು ಕೂತವನು ಹಗಲು ಉಳುವುದು ಹೇಗೆ?

ಪ್ರಶ್ನೆಗೆ ಸಮಯ ಕೊಟ್ಟಾಗ ಇಂಡಿ ತಾಲ್ಲೂಕಿನ ಅಜ್ಜಾರು ಎದ್ದರು. ಮಗನ ಮನೆಗೆ ಬಂದವರು. "ಸರ, ಗಿಡಕ್ಕ ಇಷ್ಟೆಲ್ಲಾ ಬುದ್ಧಿ ಐತಿ ಅಂದ್ರ, ನಮ್ಮ ದಾಳಿಂಬ್ರಿ ಯಾಕ ಸಾಯಾಕತ್ತೈತಿ?" ಸಭೆ ನಕ್ಕಿತು, ನಾನು ನಗಲಿಲ್ಲ. ಅವರು ಹೇಳುತ್ತಿದ್ದುದು ದುಂಡಾಣು ಅಂಗಮಾರಿ. ಸೊಲ್ಲಾಪುರದ ಕಡೆ ತೆಲ್ಯಾ ಎನ್ನುತ್ತಾರೆ, ಎಲೆಗೂ ಕಾಯಿಗೂ ಎಣ್ಣೆ ಬಿದ್ದಂಥ ಕಲೆ, ಆಮೇಲೆ ಕಾಯಿ ಸೀಳುತ್ತದೆ. ನಾನೆಂದೆ: ಅಜ್ಜಾರ, ನಿಮ್ಮ ತೋಟದಾಗ ಯಾವ ತಳಿ? ಭಗವಾ. ಪಕ್ಕದ ಹೊಲದಾಗ? ಭಗವಾ. ಸೊಲ್ಲಾಪುರದ ತನಕಾ? ಭಗವಾನೇ. ಎಲ್ಲವೂ ಗೂಟಿ ಕಟ್ಟಿ (ಕೊಂಬೆಗೇ ಬೇರು ಬರಿಸಿ) ಬೆಳೆಸಿದ ಗಿಡ, ಅಂದರೆ ಒಂದೇ ಗಿಡದ ಲಕ್ಷಾಂತರ ನಕಲು. ಎಲ್ಲ ಮನೆಗೂ ಒಂದೇ ಬೀಗ. ಕೀಲಿ ಸಿಕ್ಕ ಕಳ್ಳನಿಗೆ ಎರಡು ಜಿಲ್ಲೆ ತೆರೆದಂತೆ. ಮೇಲಾಗಿ ಮಳೆಗಾಲದ ಬಹಾರ (ಆಗ ಹೂ ಬಿಡಿಸಿ ತೆಗೆಯುವ ಫಸಲು) ಹಿಡಿದರೆ ಹನಿ ಸಿಡಿದು ಬ್ಯಾಕ್ಟೀರಿಯಾ ಗಿಡದಿಂದ ಗಿಡಕ್ಕೆ ಹೋಗುತ್ತದೆ, ಕತ್ತರಿಯ ಬಾಯಿಯಲ್ಲೂ ಹೋಗುತ್ತದೆ. ಸೊಲ್ಲಾಪುರದ ದಾಳಿಂಬೆ ಸಂಶೋಧನಾ ಕೇಂದ್ರದವರು ರೋಗ ಇರುವ ಕಡೆ ಮಳೆಗಾಲ ಮುಗಿಯುವಾಗ ಹೂ ಬಿಡಿಸುವ ಹಸ್ತ ಬಹಾರ ಹಿಡಿಯಿರಿ ಎನ್ನುವುದು ಅದಕ್ಕೇ.

"ಸ್ಟ್ರೆಪ್ಟೋಸೈಕ್ಲಿನ್ ಹೊಡದ್ವಿ ಸರ, ಭಾಳ ಹೊಡದ್ವಿ" ಎಂದರು ಅಜ್ಜಾರು. ಆ ಆಂಟಿಬಯೋಟಿಕ್ ಪುಡಿ ತಯಾರಾಗುತ್ತಿದ್ದದ್ದು ಇಲ್ಲೇ, ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯಲ್ಲಿ. ಸಭೆಯಲ್ಲಿದ್ದ ಇಬ್ಬರು ಅಲ್ಲಿಂದ ನಿವೃತ್ತರಾದವರು, ಒಮ್ಮೆಲೇ ನೆಟ್ಟಗೆ ಕೂತರು. ಇನ್ನೊಂದು ಮಾತು ಅವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದ ಎಂ. ಜೆ. ತಿರುಮಲಾಚಾರ್ ನಮ್ಮ ಮೈಸೂರು ಕಡೆಯ ಶಿಲೀಂಧ್ರ ತಜ್ಞರು. ಗಿಡಗಳ ಶಿಲೀಂಧ್ರ ರೋಗಕ್ಕೆ ಬಳಸಿದ ಆರಿಯೋಫಂಗಿನ್ ಎಂಬ ಆಂಟಿಬಯೋಟಿಕ್ ಅವರ ತಂಡದ್ದು. ಪುಣೆ-ಮುಂಬಯಿ ರಸ್ತೆಯಲ್ಲಿ ಆ ಗೇಟಿನ ಮುಂದೆ ನಾವು ದಿನವೂ ಬಸ್ಸಿಗೆ ಕಾಯುತ್ತೇವೆ. ಅದಿರಲಿ, ಅಜ್ಜಾರ, ಔಷಧಿ ಭಾಳ ಹೊಡೆದಷ್ಟೂ ಅದಕ್ಕೆ ಸಾಯದ ಬ್ಯಾಕ್ಟೀರಿಯಾವನ್ನೇ ನೀವು ಆರಿಸಿ ಸಾಕಿದಂತೆ. ಕೆಂಟ್ ಕಾಫಿಗೆ ಆದದ್ದೇ ಪುಡಿಗೂ ಆಗುತ್ತದೆ.

ಈಗ ಬಸಳೆ. ಅಕ್ಕ, ಈ ಬಳೆ ಮುಚ್ಚಿದೆ ನೋಡಿ, ಎಲ್ಲೂ ಒಡೆದಿಲ್ಲ. ಇಂಥ ಚುಕ್ಕೆ ಹಬ್ಬುವ ಅವಸರದಲ್ಲಿಲ್ಲ. ಚುಕ್ಕೆ ಹೆಚ್ಚಾದ ಎಲೆ ಕಿತ್ತು ಕುಂಡದಿಂದ ದೂರ ಹಾಕಿ. ನೀರನ್ನು ಎಲೆಯ ಮೇಲೆ ಸುರಿಯದೆ ಬುಡಕ್ಕೆ ಹಾಕಿ. ಬಳ್ಳಿ ಒತ್ತಾಗಿದ್ದರೆ ಸವರಿ ಗಾಳಿಯಾಡಲು ಬಿಡಿ.

"ಹಂಗಾರೆ ಮದ್ದ್ ಬ್ಯಾಡ್ದಾ?" ಎಂದರು ಅವರು, ಸ್ವಲ್ಪ ನಿರಾಸೆಯಿಂದಲೇ. ಬೇಡ ಎಂದೆ. ಆ ಎಲೆಯನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು, ಚುಕ್ಕೆ ಇದ್ದ ಭಾಗವನ್ನು ಉಗುರಿನಿಂದ ಚಿವುಟಿ ತೆಗೆದರು, ಮಿಕ್ಕದ್ದನ್ನು ಚೀಲಕ್ಕೆ ಹಾಕಿಕೊಂಡರು. ರಾತ್ರಿ ಸಾರಿಗೆ ಆಯಿತಂತೆ.